ಮುಚ್ಚುವ ಮುನ್ನ ನೋಡುವ ರೂಢಿ

ನಮ್ಮಪ್ಪ ಗಾರೆ ಮೇಸ್ತ್ರಿಯಾಗಿದ್ದ ಕಾಲದಲ್ಲಿ, ಬೆಂಗಳೂರಿನಲ್ಲಿ ಕಟ್ಟಿ ಮುಗಿದ ಮನೆಯನ್ನು ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ. ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಮನೆ ಮುಗಿಯುವಷ್ಟರಲ್ಲಿ ಅದರ ಪಾಯ, ಗೋಡೆ, ಬಾಗಿಲು, ತಾರಸಿ ಎಲ್ಲವನ್ನೂ ಮನೆಯವರು ನಿಂತು ನೋಡಿ ಆಗಿರುತ್ತಿತ್ತು. ಇವತ್ತು ಫ್ಲ್ಯಾಟ್ ಕೊಂಡ ಹೆಚ್ಚಿನವರು ಕೀಲಿ ಸಿಗುವ ಹೊತ್ತಿಗೆ ಮೊದಲ ಸಲ ಒಳಗೆ ಕಾಲಿಡುತ್ತಾರೆ. ಅಷ್ಟರಲ್ಲಿ ಕಂಬಿ ಕಾಂಕ್ರೀಟಿನೊಳಗೆ, ಪೈಪು ಗೋಡೆಯೊಳಗೆ, ಗೋಡೆ ಗಿಲಾವಿನೊಳಗೆ, ಗಿಲಾವು ಬಣ್ಣದೊಳಗೆ ಸೇರಿಹೋಗಿರುತ್ತದೆ. ಆ ಕಾಲದಿಂದ ಈ ಕಾಲಕ್ಕೆ ನಮ್ಮ ಊರು ಬಂದದ್ದು ಹೇಗೆ ಎಂಬುದನ್ನು ಬರೆದಿಡಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ಮೇಸ್ತ್ರಿಯ ಮಗಳಾಗಿ ಬೆಳೆದೆ, ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿ ದುಡಿದೆ, ನಿವೃತ್ತಿಯಾದ ಮೇಲೆ ಪರಿಚಯದವರ ಹೊಸ ಮನೆಗಳನ್ನು ನೋಡಿಕೊಡುತ್ತಿದ್ದೇನೆ. ಕಟ್ಟುವವರು, ಕಟ್ಟಿಸುವವರು, ಕೊಳ್ಳುವವರು ಮೂವರ ಕಷ್ಟವೂ ನನಗೆ ಗೊತ್ತು.

ಮನೆ ಕಟ್ಟುವಾಗಿನ ಪೂಜೆಗಳು ಯಾವ ಹೊತ್ತಿಗೆ ಬರುತ್ತವೆ ಎಂಬುದನ್ನು ಗಮನಿಸಿ. ಪಾಯ ತೋಡಿ ಮೊದಲ ಕಲ್ಲು ಇಡುವ ಮುಂಚೆ ಒಂದು. ತಲೆಬಾಗಿಲ ಚೌಕಟ್ಟು ನಿಲ್ಲಿಸುವಾಗ ಒಂದು. ತಾರಸಿ ಹಾಕುವ ದಿನ ಒಂದು. ಕೊನೆಗೆ ಹಾಲುಕ್ಕಿಸುವ ಗೃಹಪ್ರವೇಶ. ಕೆಲಸದ ಒಂದು ಹಂತ ಮುಗಿದು, ಇನ್ನೇನು ಅದು ಕಣ್ಣಿಗೆ ಕಾಣದಂತೆ ಮುಚ್ಚಿಹೋಗಬೇಕು ಅನ್ನುವಾಗಲೇ ಒಂದೊಂದು ಪೂಜೆಯೂ ಬರುತ್ತದೆ. ಪೂಜೆಗೆಂದು ಯಜಮಾನರು, ಮನೆಯ ಹೆಂಗಸರು, ಹಿರಿಯರು, ಬೀಗರು ಎಲ್ಲ ಸೈಟಿಗೆ ಬರುತ್ತಿದ್ದರು. ಅವರಲ್ಲಿ ಒಬ್ಬರಾದರೂ ಹಿಂದೆ ಮನೆ ಕಟ್ಟಿಸಿ ಪೆಟ್ಟು ತಿಂದವರು ಇರುತ್ತಿದ್ದರು. ಅವರು ಪಾಯದ ಗುಂಡಿಗೆ ಇಳಿದು, ಗಟ್ಟಿ ನೆಲ ಸಿಕ್ಕಿದೆಯೇ ಎಂದು ಹಾರೆಯಿಂದ ಕುಟ್ಟಿ ನೋಡುತ್ತಿದ್ದರು. ಇಳಿಯದೆ ಮೇಲೆ ನಿಂತವರನ್ನು ಅಪ್ಪ ತಾವೇ ಕರೆಯುತ್ತಿದ್ದರು: "ಮಣ್ಣು ಮುಚ್ಚಿದ ಮೇಲೆ ದೇವರಿಗೂ ಕಾಣಲ್ಲ ಸ್ವಾಮಿ, ಈಗಲೇ ಇಳಿದು ನೋಡಿಬಿಡಿ." ಒಳ್ಳೆಯ ಮೇಸ್ತ್ರಿಗೆ ನೋಡುವ ಯಜಮಾನರೇ ಬೇಕಾಗಿದ್ದರು. ನೋಡಿ ಒಪ್ಪಿದವರು ನಾಳೆ ಬಂದು ತಪ್ಪು ಹೊರಿಸುವುದಿಲ್ಲ.

ಆಗ ನೋಡುವುದಕ್ಕೆ ಬೇಕಾದ ಸಾಮಾನೂ ಕಡಿಮೆ. ತೂಗುಗುಂಡು, ರಸಮಟ್ಟ, ಮೂಲೆಮಟ್ಟ, ಒಂದು ದಾರ. ಕೋಣೆಯಿಂದ ಕೋಣೆಗೆ ನೆಲದ ಮಟ್ಟ ನೋಡಲು ನೀರು ತುಂಬಿದ ಉದ್ದನೆಯ ಕೊಳವೆ. ಅದರ ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುವುದರಿಂದ ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಇಟ್ಟಿಗೆ ಬಂದ ದಿನ ಲಾರಿಯಿಂದ ಎರಡು ಇಟ್ಟಿಗೆ ಎತ್ತಿಕೊಂಡು ಒಂದಕ್ಕೊಂದು ತಟ್ಟುತ್ತಿದ್ದರು. ಚೆನ್ನಾಗಿ ಬೆಂದದ್ದು ಗಂಟೆಯ ಹಾಗೆ ಠಣ್ ಎನ್ನಬೇಕು. ಉಗುರಿನಿಂದ ಗೀಚಿದರೆ ಗೀರು ಬೀಳಬಾರದು. ತೊಟ್ಟಿಯಲ್ಲಿ ನೆನೆಸದ ಇಟ್ಟಿಗೆಯನ್ನು ಗೋಡೆಗೆ ಇಟ್ಟರೆ ಅದು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಗಾರೆ ಪುಡಿಯಾಗುತ್ತದೆ. ಹಾಗಾಗಿ ತೊಟ್ಟಿಯಲ್ಲಿ ನೀರಿದೆಯೇ ಎಂದು ನೋಡುವುದು ಮನೆಯ ಹೆಂಗಸರ ದಿನದ ಕೆಲಸವಾಗಿತ್ತು.

ಸಿಮೆಂಟು ಬರುವ ಮುಂಚಿನ ಮದರಾಸು ತಾರಸಿಯನ್ನು ಅಪ್ಪ ಹುಡುಗನಾಗಿದ್ದಾಗ ಹಿರಿಯ ಮೇಸ್ತ್ರಿಗಳ ಕೈಕೆಳಗೆ ಕಲಿತಿದ್ದರು. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಕಟ್ಟುವುದು. ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಾರೆ ಹರಡುವುದು. ಗಾರೆಯನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಆಮೇಲೆ ಹೆಣ್ಣಾಳುಗಳು ಸಾಲಾಗಿ ಕುಳಿತು ದಿನಗಟ್ಟಲೆ ಮರದ ಕೊಡತಿಯಿಂದ ಬಡಿಯಬೇಕು, ನಡುನಡುವೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸಬೇಕು. ಬಡಿದದ್ದು ಸಾಕೇ ಎಂದು ತಿಳಿಯುವ ಬಗೆ ಸರಳವಾಗಿತ್ತು. ಬಡಿದ ಗುರುತು ಬೀಳದೆ ಕೊಡತಿ ಪುಟಿದು ಮೇಲೇಳಬೇಕು. ಯಜಮಾನರೇ ಕೊಡತಿ ಹಿಡಿದು ಒಂದು ಏಟು ಹಾಕಿ ನೋಡಬಹುದಿತ್ತು.

ಹಣದ ಲೆಕ್ಕದಲ್ಲೂ ಒಂದು ಕ್ರಮವಿತ್ತು. ಅಪ್ಪನ ಕೂಲಿಯ ಕೊನೆಯ ಪಾಲು ಗೃಹಪ್ರವೇಶದ ದಿನ ಬರುತ್ತಿರಲಿಲ್ಲ. ಪಂಚೆ, ತಾಂಬೂಲ, ಊಟ ಆ ದಿನ. ಉಳಿದ ದುಡ್ಡು ಒಂದು ಮಳೆಗಾಲ ಕಳೆದ ಮೇಲೆ. ತಾರಸಿ ಎಲ್ಲಾದರೂ ಸೋರಿದರೆ, ಕಿಟಕಿಯ ಸಜ್ಜೆಯಿಂದ ನೀರು ಒಳಗೆ ಇಳಿದರೆ, ಅಪ್ಪ ಕರಣೆ ಹಿಡಿದು ಹೋಗಿ ಸರಿಮಾಡಿ ಬರುತ್ತಿದ್ದರು. ಅದಕ್ಕೆ ಬೇರೆ ಕೂಲಿ ಕೇಳುತ್ತಿರಲಿಲ್ಲ. ಕರಾರು ಪತ್ರವಿರಲಿಲ್ಲ. ಆದರೆ ಅದೇ ಬೀದಿಯಲ್ಲಿ ಮುಂದಿನ ಮನೆಯ ಕೆಲಸ ಸಿಗಬೇಕಾದರೆ ಹಿಂದಿನ ಮನೆ ಸೋರಬಾರದು ಎಂಬ ಕಟ್ಟು ಇತ್ತು. ಸಿಮೆಂಟು ಬಂದ ಮೇಲೂ ಮನೆಯವರ ಕಣ್ಗಾವಲು ಕಡಿಮೆಯಾಗಲಿಲ್ಲ. 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿ ನಿಯಂತ್ರಣ ತೆಗೆಯುವವರೆಗೆ ಸಿಮೆಂಟು ಪರ್ಮಿಟ್ಟಿನ ಸರಕು. ಅಲೆದಾಡಿ ತಂದ ಮೂಟೆಗಳನ್ನು ಯಜಮಾನರು ಎಣಿಸಿ ಬೀಗ ಹಾಕಿಡುತ್ತಿದ್ದರು. ದಿನಾ ಎಷ್ಟು ಮೂಟೆ ಎಲ್ಲಿಗೆ ಹೋಯಿತು ಎಂಬುದು ಅವರ ಡೈರಿಯಲ್ಲಿ ಇರುತ್ತಿತ್ತು.

ಸರ್ಕಾರದ ಕಟ್ಟಡಗಳಿಗೆ ನೋಡುವ ಬೇರೊಂದು ಕ್ರಮ ಬೆಳೆದಿತ್ತು. 1868ರಲ್ಲಿ ಮುಗಿದ ಅಠಾರಾ ಕಚೇರಿಯನ್ನು, ಈಗ ಹೈಕೋರ್ಟ್ ಇರುವ ಆ ಕೆಂಪು ಕಟ್ಟಡವನ್ನು, ಕಟ್ಟಿದವರು ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ಆಗ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಸರ್ಕಾರಕ್ಕೆ ಯಜಮಾನನ ಕಣ್ಣಿಲ್ಲ. ಅದು ಕಾಗದದ ಮೂಲಕವೇ ನೋಡಬೇಕು. ಹಾಗಾಗಿ ಇಲಾಖೆಯಲ್ಲಿ ಅಳತೆ ಪುಸ್ತಕ ಎಂಬ ವ್ಯವಸ್ಥೆ ಬಂತು. ನಾವು ಅದನ್ನು ಎಂ.ಬಿ. ಎನ್ನುತ್ತೇವೆ. ಪಾಯದ ಅಳತೆಯನ್ನು ಪಾಯ ಮುಚ್ಚುವ ಮೊದಲೇ ಸ್ಥಳದಲ್ಲಿ ನಿಂತು ಶಾಯಿಯಲ್ಲಿ ಬರೆಯಬೇಕು. ಬರೆದದ್ದನ್ನು ಅಳಿಸುವಂತಿಲ್ಲ, ತಪ್ಪಾದರೆ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಮೇಲಿನ ಅಧಿಕಾರಿ ಬಂದು ಮರುಅಳತೆ ಮಾಡಬೇಕು.

ನಾನು ಕೆಲಸಕ್ಕೆ ಸೇರಿದಾಗ ಕಲಿತ ಮೊದಲ ಪಾಠ ಇದೇ. ತಾರಸಿಗೆ ಕಾಂಕ್ರೀಟು ಸುರಿಯುವ ಹಿಂದಿನ ದಿನ ಸೆಂಟ್ರಿಂಗ್ ಹತ್ತಿ ಕಂಬಿಯ ದಪ್ಪ, ಕಂಬಿ ಕಂಬಿಗಳ ನಡುವಿನ ಅಂತರ, ಕೆಳಗೆ ಇಟ್ಟ ಕವರ್ ಬ್ಲಾಕು ಎಲ್ಲ ನೋಡಿ ಬರೆದು ಸಹಿ ಹಾಕುವವರೆಗೆ ಗುತ್ತಿಗೆದಾರ ಮಿಕ್ಸರ್ ತಿರುಗಿಸುವಂತಿರಲಿಲ್ಲ. ಸುರಿಯುವ ದಿನ 15 ಸೆಂಟಿಮೀಟರಿನ ಘನಾಕಾರದ ಅಚ್ಚುಗಳಲ್ಲಿ ಅದೇ ಕಾಂಕ್ರೀಟು ತುಂಬಿ, 7 ಮತ್ತು 28 ದಿನಗಳ ನಂತರ ಒತ್ತಿ ಒಡೆದು ಅದರ ಬಲ ನೋಡುತ್ತಿದ್ದೆವು. ಗುತ್ತಿಗೆದಾರನ ಒಂದೊಂದು ಬಿಲ್ಲಿನಿಂದಲೂ ಒಂದು ಭಾಗವನ್ನು ಭದ್ರತಾ ಠೇವಣಿಯೆಂದು ಹಿಡಿದಿಟ್ಟು, ದೋಷ ಹೊಣೆಗಾರಿಕೆ ಅವಧಿ ಮುಗಿದು, ಬಿರುಕು ಸೋರಿಕೆ ಏನೂ ಇಲ್ಲವೆಂದು ನೋಡಿದ ಮೇಲೆ ಮರಳಿಸುತ್ತಿದ್ದೆವು. ಅಪ್ಪನ ಮಳೆಗಾಲದ ಬಾಕಿಗೂ ಇಲಾಖೆಯ ಠೇವಣಿಗೂ ಉದ್ದೇಶ ಒಂದೇ. ಕಟ್ಟಿದವನ ಹಣ ಸ್ವಲ್ಪ ಕಟ್ಟಿಸಿದವನ ಕೈಯಲ್ಲಿ ಇದ್ದರೆ ರಿಪೇರಿ ತಾನಾಗಿ ಆಗುತ್ತದೆ.

ಇನ್ನು ಊರು. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದವು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ, 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಇವೆಲ್ಲ ಮುಖ್ಯವಾಗಿ ಹಂಚಿದ್ದು ಸೈಟುಗಳನ್ನು. ಮೂವತ್ತು ನಲವತ್ತರ ಸೈಟು, ನಲವತ್ತು ಅರವತ್ತರ ಸೈಟು. ಮನೆ ಕಟ್ಟಿಕೊಳ್ಳುವುದು ಸೈಟು ಪಡೆದವರ ಪಾಡು. ಹಾಗಾಗಿ ಬೆಂಗಳೂರಿನ ಮಧ್ಯಮ ವರ್ಗದ ಒಂದಿಡೀ ತಲೆಮಾರು ಕಟ್ಟಡದ ಕೆಲಸ ಕಲಿತಿತ್ತು. ಶಾಲೆಯ ಮೇಷ್ಟ್ರು, ಕಾರ್ಖಾನೆಯ ನೌಕರ, ಬ್ಯಾಂಕಿನ ಗುಮಾಸ್ತ ಎಲ್ಲರಿಗೂ ಜಲ್ಲಿಯ ಅಳತೆ, ಮರಳಿನಲ್ಲಿ ಮಣ್ಣು ಎಷ್ಟಿದೆ ಎಂದು ಲೋಟದ ನೀರಿನಲ್ಲಿ ಕದಡಿ ನೋಡುವ ಬಗೆ ಗೊತ್ತಿತ್ತು. ಗೃಹ ಮಂಡಳಿ ಕಟ್ಟಿ ಹಂಚಿದ ಮನೆಗಳಲ್ಲಿ ಮಾತ್ರ ಬೇರೆ ಅನುಭವವಾಯಿತು. ಅಲ್ಲಿ ತಾನು ನೋಡದ, ಬೇರೆಯವರು ಕಟ್ಟಿ ಮುಗಿಸಿದ ಮನೆಯ ಕೀಲಿ ನೇರವಾಗಿ ಕೈಗೆ ಬಂತು. ಅಪಾರ್ಟ್‌ಮೆಂಟ್ ಬಂದ ಮೇಲೆ ಅದೇ ಎಲ್ಲರ ಪಾಡಾಯಿತು.

ಅಪಾರ್ಟ್‌ಮೆಂಟುಗಳಿಗಾಗಿ ಕರ್ನಾಟಕ 1972ರಲ್ಲೇ ಎರಡು ಕಾಯ್ದೆ ಮಾಡಿತು. ಒಂದು, ಅಪಾರ್ಟ್‌ಮೆಂಟ್ ಮಾಲೀಕತ್ವದ್ದು. ಇನ್ನೊಂದು, ಫ್ಲ್ಯಾಟ್ ಕಟ್ಟಿ ಮಾರುವುದನ್ನು ನಿಯಂತ್ರಿಸುವುದು. ಒಪ್ಪಿದ ನಕ್ಷೆ ಬಿಟ್ಟು ಕಟ್ಟಬಾರದು, ಗೊತ್ತುಪಡಿಸಿದ ಅವಧಿಯೊಳಗೆ ಕೊಂಡವರು ತೋರಿಸಿದ ದೋಷವನ್ನು ಸರಿಪಡಿಸಿ ಕೊಡಬೇಕು ಎಂಬ ಮಾತು ಎರಡನೆಯ ಕಾಯ್ದೆಯಲ್ಲಿ ಇತ್ತು. ಆದರೆ ಅದನ್ನು ಜಾರಿಗೆ ತರಲೆಂದೇ ಕುಳಿತ ಪ್ರಾಧಿಕಾರವಿರಲಿಲ್ಲ, ಕೊಂಡವರಲ್ಲಿ ಹೆಚ್ಚಿನವರಿಗೆ ಕಾಯ್ದೆಯ ಹೆಸರೂ ತಿಳಿದಿರಲಿಲ್ಲ. 1983ರ ಸೆಪ್ಟೆಂಬರ್ 12ರಂದು ಸುಬೇದಾರ್ ಛತ್ರಂ ರಸ್ತೆಯಲ್ಲಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ಆ ವಾರ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಸತ್ತವರಲ್ಲಿ ಕೂಲಿಯವರೇ ಎಷ್ಟೋ ಮಂದಿ. ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ಎತ್ತರ ಹೆಚ್ಚಿದಷ್ಟೂ ನೋಡೋ ಕಣ್ಣು ಹೆಚ್ಚಬೇಕು ಮಗಾ."

ನಡೆದದ್ದು ಅದಕ್ಕೆ ವಿರುದ್ಧ. ಕಟ್ಟಡಗಳು ಎತ್ತರವಾದವು, ನೋಡುವ ಕಣ್ಣು ಕಡಿಮೆಯಾಯಿತು. ಸಾಫ್ಟ್‌ವೇರ್ ಕಾಲದ ಬೆಂಗಳೂರಿನಲ್ಲಿ ಕೊಳ್ಳುವವರು ಅಮೆರಿಕದಲ್ಲೋ ಪುಣೆಯಲ್ಲೋ ಇದ್ದು ಕರಾರಿಗೆ ಸಹಿ ಹಾಕಿದರು. ಬಿಲ್ಡರು ಗುತ್ತಿಗೆದಾರನಿಗೆ, ಗುತ್ತಿಗೆದಾರ ತುಂಡು ಗುತ್ತಿಗೆದಾರನಿಗೆ, ಅವನು ರಾಯಚೂರಿನಿಂದಲೋ ಬಂಗಾಳದಿಂದಲೋ ಬಂದ ಕೂಲಿಕಾರರಿಗೆ ಕೆಲಸ ಒಪ್ಪಿಸಿದ. ಗೋಡೆ ಕಟ್ಟಿದ ಕೈಗೂ ಆ ಗೋಡೆಯೊಳಗೆ ಬಾಳುವವರಿಗೂ ಪರಿಚಯವೇ ಇಲ್ಲದಾಯಿತು. ಇದರಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಒಂದು ಸಂಗತಿ. ಹಳೆಯ ಹಂತಗಳು ಹಾಗೆಯೇ ಉಳಿದವು, ಆದರೆ ದುಡ್ಡು ಕೇಳುವ ಪತ್ರಗಳಾಗಿ ಉಳಿದವು. ಪಾಯ ಮುಗಿದಿದೆ, ಕಂತು ಕಟ್ಟಿ. ಐದನೆಯ ತಾರಸಿ ಮುಗಿದಿದೆ, ಕಂತು ಕಟ್ಟಿ. ಗಿಲಾವು ಮುಗಿದಿದೆ, ಕಂತು ಕಟ್ಟಿ. ಒಂದು ಕಾಲಕ್ಕೆ ಇದೇ ಹಂತಗಳಲ್ಲಿ ಯಜಮಾನ ಬಂದು ಇಳಿದು ನೋಡುತ್ತಿದ್ದ. ಈಗ ಬ್ಯಾಂಕಿನ ಸಾಲದ ಕಂತು ನೇರವಾಗಿ ಹೋಗುತ್ತದೆ, ನೋಡಲು ಯಾರೂ ಹೋಗುವುದಿಲ್ಲ. ಕೀಲಿ ಕೊಡುವ ಹೊತ್ತಿಗೆ ಮಳೆಗಾಲದ ಬಾಕಿ ಎಂದು ಹಿಡಿದಿಡಲು ಕೊಂಡವರ ಕೈಯಲ್ಲಿ ಒಂದು ರೂಪಾಯಿಯೂ ಉಳಿದಿರುವುದಿಲ್ಲ.

ಕಟ್ಟಿದವನೇ ಹೊಣೆ ಎಂಬುದು ಬಹಳ ಹಳೆಯ ನ್ಯಾಯ. ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಕ್ರಿಸ್ತಪೂರ್ವ ಹದಿನೆಂಟನೆಯ ಶತಮಾನದಲ್ಲಿ ಕಲ್ಲಿನಲ್ಲಿ ಕೆತ್ತಿಸಿದ ಕಾನೂನಿನಲ್ಲಿ, ಕಟ್ಟಿದ ಗೋಡೆ ವಾಲಿದರೆ ಕಟ್ಟಿದವನು ಸ್ವಂತ ಖರ್ಚಿನಲ್ಲಿ ಅದನ್ನು ಗಟ್ಟಿಮಾಡಿ ಕೊಡಬೇಕು ಎಂದಿದೆ. ಮನೆ ಬಿದ್ದು ಯಜಮಾನ ಸತ್ತರೆ ಕಟ್ಟಿದವನಿಗೂ ಮರಣದಂಡನೆ. 1804ರ ಫ್ರೆಂಚ್ ನಾಗರಿಕ ಸಂಹಿತೆ ವಾಸ್ತುಶಿಲ್ಪಿ ಮತ್ತು ಗುತ್ತಿಗೆದಾರರನ್ನು ಹತ್ತು ವರ್ಷಗಳವರೆಗೆ ಹೊಣೆ ಮಾಡಿತು. ನೆಲ ಕುಸಿದು ಕಟ್ಟಡ ಕೆಟ್ಟರೂ ಹೊಣೆ ತಪ್ಪಲಿಲ್ಲ.

ನಮ್ಮಲ್ಲಿ ಮನೆ ಕೊಂಡವರಿಗೆ ಈ ನ್ಯಾಯ ಗಟ್ಟಿಯಾಗಿ ಸಿಗಲು ತೊಂಬತ್ತರ ದಶಕ ಬರಬೇಕಾಯಿತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ 1993ರಲ್ಲಿ ತಿದ್ದುಪಡಿ ತಂದು, ಸೇವೆಗಳ ಪಟ್ಟಿಗೆ ವಸತಿ ನಿರ್ಮಾಣವನ್ನು ಸೇರಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮನೆ ಕಟ್ಟಿಕೊಡುವ ಸರ್ಕಾರಿ ಪ್ರಾಧಿಕಾರಗಳೂ ಗ್ರಾಹಕ ಕಾನೂನಿಗೆ ಉತ್ತರ ಕೊಡಬೇಕು ಎಂದಿತು. ಇಲಾಖೆಯಲ್ಲಿದ್ದ ನಾವೂ ಆ ತೀರ್ಪಿನ ಸುದ್ದಿಯನ್ನು ಗಮನವಿಟ್ಟು ಓದಿದ್ದೆವು.

ಆಮೇಲೆ ಬಂದದ್ದು 2016ರ ರಿಯಲ್ ಎಸ್ಟೇಟ್ ಕಾಯ್ದೆ, ಜನರ ಬಾಯಲ್ಲಿ ರೇರಾ. ಪೂರ್ತಿ ಜಾರಿಗೆ ಬಂದದ್ದು 2017ರ ಮೇ 1ರಂದು. ಕರ್ನಾಟಕದ ನಿಯಮಗಳು ಆ ಜುಲೈನಲ್ಲಿ ಬಂದವು. ಅದರ 14ನೆಯ ಕಲಮಿನ 3ನೆಯ ಉಪಕಲಮನ್ನು ಮನೆ ಕೊಂಡ ಪ್ರತಿಯೊಬ್ಬರೂ ತಿಳಿದಿರಬೇಕು. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳ ಒಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸಗಾರಿಕೆಯಲ್ಲಾಗಲಿ, ಗುಣಮಟ್ಟದಲ್ಲಾಗಲಿ, ಸೌಲಭ್ಯಗಳಲ್ಲಾಗಲಿ ದೋಷವಿದೆಯೆಂದು ಕೊಂಡವರು ತಿಳಿಸಿದರೆ, ಬಿಲ್ಡರು ಮೂವತ್ತು ದಿನಗಳಲ್ಲಿ ಬೇರೆ ಹಣ ಕೇಳದೆ ಸರಿಪಡಿಸಬೇಕು. ತಪ್ಪಿದರೆ ಪರಿಹಾರ ಕೊಡಬೇಕು. ಕಂಬ ತೊಲೆಗಳಷ್ಟೇ ಅಲ್ಲ, ಬಚ್ಚಲಿನ ಟೈಲ್ಸೂ ಇದರೊಳಗೆ ಬರುತ್ತದೆ.

ಈ ಕಲಮು ನೆಲದ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ನಾನು ಕಂಡ ಒಂದು ಮನೆಯ ವಿಷಯ ಹೇಳುತ್ತೇನೆ. ಸರ್ಜಾಪುರ ರಸ್ತೆಯ ಕಡೆ, ಎತ್ತರದ ಕಟ್ಟಡವೊಂದರ ಎರಡು ಬೆಡ್‌ರೂಮಿನ ಫ್ಲ್ಯಾಟು. ಕೊಂಡವರು ನಮ್ಮ ಬೀದಿಯ ನಿವೃತ್ತ ಮೇಷ್ಟ್ರ ಮಗಳು. ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿತ್ತು, ಮರಗೆಲಸದವನಿಗೆ ಮುಂಗಡವನ್ನೂ ಕೊಟ್ಟಾಗಿತ್ತು. ಮರಗೆಲಸ ಶುರುವಾಗುವ ಮೊದಲು ಒಮ್ಮೆ ನೋಡಿಬಿಡಿ ಅಮ್ಮ ಎಂದು ಮೇಷ್ಟ್ರು ಕರೆದರು. ಕರೆದದ್ದು ಒಳ್ಳೆಯದೇ ಆಯಿತು. ಕಪಾಟುಗಳು ಗೋಡೆಗೆ ಕೂತ ಮೇಲೆ ಹಿಂದಿನ ಗೋಡೆ ಮತ್ತೆ ಕಾಣುವುದಿಲ್ಲ. ಆಮೇಲೆ ಏನು ತೋರಿಸಿದರೂ ನಿಮ್ಮ ಮರಗೆಲಸದವನು ಕೆಡಿಸಿದ್ದು ಎನ್ನುವ ಉತ್ತರ ಬರುತ್ತದೆ.

ಹಗಲಿನಲ್ಲಿ ಹೋದೆವು, ಬಿಸಿಲು ಓರೆಯಾಗಿ ಗೋಡೆಯ ಮೇಲೆ ಬೀಳುವ ಹೊತ್ತಿಗೆ. ಗಿಲಾವಿನ ಉಬ್ಬುತಗ್ಗು ಆಗಲೇ ಕಾಣುವುದು. ಟೈಲ್ಸನ್ನು ಸಣ್ಣ ಮರದ ತುಂಡಿನಿಂದ ಒಂದೊಂದಾಗಿ ತಟ್ಟಿದೆ. ಹಾಲ್‌ನ ಬಾಗಿಲ ಬಳಿ ಮತ್ತು ಅಡುಗೆಮನೆಯ ಸಿಂಕಿನ ಕೆಳಗೆ ಟೊಳ್ಳು ಸದ್ದು ಬಂತು. ಕೆಳಗೆ ಗಾರೆ ತುಂಬಿಲ್ಲ, ಭಾರ ಬಿದ್ದರೆ ಒಡೆಯುತ್ತದೆ. ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿದೆವು. ನೀರು ಜಾಲರಿಯ ಕಡೆ ಹೋಗದೆ ಬಾಗಿಲ ಮೂಲೆಯಲ್ಲಿ ನಿಂತಿತು, ವಾಟ ತಪ್ಪಿತ್ತು. ಬಟ್ಟೆ ಒಗೆಯುವ ಜಾಗದ ಕಿಟಕಿಯ ಹಾಸು ಹೊರಕ್ಕೆ ಇಳಿಯುವ ಬದಲು ಒಳಕ್ಕೆ ಇಳಿದಿತ್ತು. ವಿದ್ಯುತ್ ಫಲಕದಲ್ಲಿ ಶಾಕ್ ತಡೆಯುವ ಬ್ರೇಕರಿನ ಪರೀಕ್ಷಾ ಗುಂಡಿ ಒತ್ತಿದರೆ ಅದು ಬೀಳಲಿಲ್ಲ. ಮಕ್ಕಳಿರುವ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಸರಿಯಾಗಬೇಕಾದದ್ದು ಅದು. ದೊಡ್ಡ ಕೋಣೆಯಲ್ಲಿ ಕಾಂಕ್ರೀಟು ಕಂಬವೂ ಬ್ಲಾಕಿನ ಗೋಡೆಯೂ ಕೂಡುವ ಕಡೆ ನೇರವಾದ ಬಿರುಕು ಇತ್ತು, ಸೂರಿನಿಂದ ನೆಲದವರೆಗೆ.

ಜೊತೆಗಿದ್ದ ಸೈಟ್ ಎಂಜಿನಿಯರ್ ಹಾಸನದ ಕಡೆಯ ಹುಡುಗ. "ಮೇಡಂ, ಅದು ಹೇರ್‌ಲೈನ್ ಕ್ರ್ಯಾಕು, ಫೈನಲ್ ಪೇಂಟ್ ಹೊಡೆದರೆ ಹೋಗುತ್ತೆ" ಎಂದ. ಭಾರತೀಯ ಮಾನಕ ಸಂಸ್ಥೆ 1984ರಲ್ಲಿ ಬಿರುಕುಗಳ ಬಗ್ಗೆಯೇ ಒಂದು ಕೈಪಿಡಿ ಹೊರತಂದಿದೆ, ಎಸ್‌ಪಿ 25 ಎಂದು ಅದರ ಸಂಖ್ಯೆ. 1 ಮಿಲಿಮೀಟರಿಗಿಂತ ಕಡಿಮೆ ಅಗಲದ್ದು ಸಣ್ಣದು, 1ರಿಂದ 2ರವರೆಗೆ ಮಧ್ಯಮ, 2ಕ್ಕಿಂತ ಹೆಚ್ಚಿನದು ಅಗಲದ ಬಿರುಕು. ಇದು ಸಣ್ಣದೇ. ಕಂಬಕ್ಕೆ ಅಪಾಯವೂ ಇರಲಿಲ್ಲ. ಆದರೆ ಕಾಂಕ್ರೀಟು ಮತ್ತು ಬ್ಲಾಕು ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಆ ಕೂಡುವ ಜಾಗದ ಮೇಲೆ ಕೋಳಿ ಜಾಲರಿ ಬಡಿದು ಗಿಲಾವು ಮಾಡಬೇಕು. ಜಾಲರಿ ಇಲ್ಲದಿದ್ದರೆ ಎಷ್ಟು ಸಲ ಬಣ್ಣ ಹೊಡೆದರೂ ಬಿರುಕು ಮರಳಿ ಬರುತ್ತದೆ. ಇದನ್ನು ಆ ಹುಡುಗನಿಗೆ ಬಿಡಿಸಿ ಹೇಳಿದೆ. ಅವನು ಒಪ್ಪಿದ. ತನ್ನ ಕೈಯಲ್ಲಿ ಮೂರು ಗೋಪುರಗಳ ಕೆಲಸವಿದೆ, ಒಂದೊಂದು ಗೋಡೆಯನ್ನೂ ನಿಂತು ನೋಡಲು ಆಗುವುದಿಲ್ಲ ಎಂದ. ಅದು ನಿಜವೂ ಹೌದು.

ಬಚ್ಚಲಿಗೆ ನೀರು ನಿಲ್ಲಿಸಿ ನೋಡುವ ಪರೀಕ್ಷೆ ಮಾಡಿಸಿದೆವು. ಜಾಲರಿಗೆ ಬಟ್ಟೆ ತುರುಕಿ, ಬಾಗಿಲಿಗೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಒಂದು ಅಂಗುಲ ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನ ಗುರುತು ಹಾಕಿ, 24 ಗಂಟೆ ಬಿಡುವುದು. ಮರುದಿನ ಕೆಳಗಿನ ಮನೆಯ ಸೂರಿನಲ್ಲಿ, ಪೈಪು ಇಳಿಯುವ ಸುತ್ತ ತೇವ ಕಂಡಿತು. ಅದರ ಚಿತ್ರ ತೆಗೆದೆವು.

ಆಮೇಲೆ ನಾನು ಎಂ.ಬಿ. ಬರೆಯುವ ಕ್ರಮದಲ್ಲಿ ಪಟ್ಟಿ ಬರೆಸಿದೆ. ಕೋಣೆಯ ಹೆಸರು, ಯಾವ ಗೋಡೆ, ಬಾಗಿಲಿನಿಂದ ಎಷ್ಟು ಅಡಿ ದೂರ, ಏನು ದೋಷ, ಚಿತ್ರದ ಸಂಖ್ಯೆ. ಗುಣಮಟ್ಟ ಚೆನ್ನಾಗಿಲ್ಲ ಎಂಬಂಥ ಮಾತು ಒಂದೂ ಇರಕೂಡದು ಎಂದೆ. ಪಟ್ಟಿಯ ಮೇಲೆ 14ನೆಯ ಕಲಮಿನ ಉಲ್ಲೇಖ, ಸ್ವಾಧೀನದ ದಿನಾಂಕ. ಇ-ಮೇಲಿನಲ್ಲೂ ನೋಂದಾಯಿತ ಅಂಚೆಯಲ್ಲೂ ಕಳಿಸಿದರು. ಮೊದಲು ಬಂದ ಉತ್ತರ, ಬಣ್ಣದವನನ್ನು ಕಳಿಸುತ್ತೇವೆ ಎಂದು. ಮಗಳು ಬೇಡವೆಂದು ಬರೆದಳು. ಕಾರಣ ಸರಿಪಡಿಸದೆ ಬಣ್ಣ ಹೊಡೆಯಲು ಒಪ್ಪುವುದಿಲ್ಲ ಎಂದಳು. ಕೆಳಗಿನ ಮನೆಯವರೂ ಪತ್ರ ಬರೆದರು. ಮೂವತ್ತು ದಿನ ಮುಗಿಯುವ ಮುಂಚೆ ಕೆಲಸದವರು ಬಂದರು. ಬಚ್ಚಲಿನ ಟೈಲ್ಸು ಎಬ್ಬಿಸಿದಾಗ ಕಂಡದ್ದು ಇಷ್ಟು: ನೀರು ತಡೆಯುವ ಲೇಪನ ಪೈಪಿನ ಸುತ್ತ ಗೇಣು ದೂರದಲ್ಲೇ ನಿಂತಿತ್ತು. ಪೈಪಿನ ಕೊರಳಿಗೆ ಏರಿಸಿ ಬಳಿಯಬೇಕಾದದ್ದನ್ನು ಬಳಿದಿರಲಿಲ್ಲ. ಹೊಸದಾಗಿ ಬಳಿದು, ಟೈಲ್ಸು ಕೂರಿಸುವ ಮೊದಲೇ ಮತ್ತೆ ನೀರು ನಿಲ್ಲಿಸಿ ನೋಡಿ, ಆಮೇಲೆ ವಾಟ ಕೊಟ್ಟು ಟೈಲ್ಸು ಹಾಕಿದರು. ಬಿರುಕಿನ ಉದ್ದಕ್ಕೂ ಗಿಲಾವು ಕಿತ್ತು, ಜಾಲರಿ ಬಡಿದು, ಹೊಸ ಗಿಲಾವು ಮಾಡಿ ನೀರುಣಿಸಿದರು. ಮುಹೂರ್ತ ಮುಂದಕ್ಕೆ ಹೋಯಿತು. ಮೇಷ್ಟ್ರ ಹೆಂಡತಿಗೆ ಅದರಿಂದ ಬೇಸರವಾಯಿತು, ಆದರೆ ಸೋರುವ ಬಚ್ಚಲ ಮೇಲೆ ಕಪಾಟು ಕೂರಿಸುವುದು ತಪ್ಪಿತು.

ಎಲ್ಲ ಮನೆಗಳಲ್ಲೂ ಇಷ್ಟು ಸಲೀಸಾಗಿ ನಡೆಯುವುದಿಲ್ಲ. 500 ಚದರ ಮೀಟರ್ ಮೀರದ ಜಾಗದ ಯೋಜನೆಗಳಿಗೆ ಅಥವಾ ಎಂಟು ಮೀರದ ಮನೆಗಳಿರುವ ಯೋಜನೆಗಳಿಗೆ ರೇರಾ ನೋಂದಣಿ ಬೇಕಿಲ್ಲ. ನಮ್ಮ ಊರಿನ ಸಣ್ಣ ಸೈಟುಗಳ ಮೇಲೆ ಎದ್ದ ಎಷ್ಟೋ ನಾಲ್ಕಂತಸ್ತಿನ ಕಟ್ಟಡಗಳು ಈ ಲೆಕ್ಕದಲ್ಲಿ ಬರುತ್ತವೆ. ಅಂಥವರಿಗೆ ಗ್ರಾಹಕ ಆಯೋಗವಿದೆ. ಅಲ್ಲಿ ಎರಡು ವರ್ಷದೊಳಗೆ ದೂರು ಕೊಡಬೇಕು. ರೇರಾ ಪರಿಹಾರದ ಆದೇಶ ಕೊಟ್ಟರೂ, ಬಿಲ್ಡರು ಹಣ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ಕಂದಾಯ ಇಲಾಖೆ ವಸೂಲು ಮಾಡಬೇಕು. ಆ ದಾರಿ ನಿಧಾನ. ತಾರಸಿ, ಸಂಪು, ಲಿಫ್ಟು, ಕೊಳಚೆ ನೀರು ಶುದ್ಧೀಕರಣದ ಘಟಕ ಇವುಗಳ ದೋಷವನ್ನು ಒಬ್ಬೊಬ್ಬರೇ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಸಂಘ ಕಟ್ಟಿಕೊಂಡು, ನಿರ್ವಹಣೆಯನ್ನು ವಹಿಸಿಕೊಳ್ಳುವ ಮೊದಲೇ ಪಟ್ಟಿ ಮಾಡಿ ಕೊಡಬೇಕು. ನಾವೇ ಗೋಡೆ ಒಡೆಸಿ ಬದಲಾಯಿಸಿದ ಕಡೆ ಬಂದ ಬಿರುಕಿಗೆ ಬಿಲ್ಡರನ್ನು ಹೊಣೆ ಮಾಡುವುದು ನ್ಯಾಯವಲ್ಲ. ಕೊಂಡವರು ಹೇಳುವುದು ಪೂರ್ತಿ ಸತ್ಯವಾಗಿದ್ದರೆ ಮಾತ್ರ ಪಟ್ಟಿಗೆ ತೂಕ ಬರುತ್ತದೆ.

ಹೊಸ ಮನೆ ಕೊಳ್ಳುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಹಂತಹಂತದ ಕೆಲಸದ ವೇಳಾಪಟ್ಟಿ ತಿಳಿಯುವ ಹಕ್ಕನ್ನು ರೇರಾದ 19ನೆಯ ಕಲಮು ನಿಮಗೆ ಕೊಟ್ಟಿದೆ. ಕಂತು ಕೇಳುವ ಪತ್ರ ಬಂದಾಗಲೆಲ್ಲ ಅನುಮತಿ ಪಡೆದು ಸೈಟಿಗೆ ಹೋಗಿ. ಪೈಪು, ವೈರು, ನೀರು ತಡೆಯುವ ಲೇಪನ ಇವು ಮುಚ್ಚುವ ಮುಂಚಿನ ಚಿತ್ರಗಳನ್ನು ಕೇಳಿ ಪಡೆಯಿರಿ. ವಾಸಯೋಗ್ಯ ಪ್ರಮಾಣಪತ್ರ ಬಂದ ಮೇಲೆ ಸ್ವಾಧೀನ ತೆಗೆದುಕೊಳ್ಳಲು ಎರಡು ತಿಂಗಳ ಕಾಲಾವಕಾಶವಿದೆ. ಮುಹೂರ್ತಕ್ಕಾಗಿ ಅವಸರಪಟ್ಟು ಅದನ್ನು ಕಳೆದುಕೊಳ್ಳಬೇಡಿ. ಎಲ್ಲ ಸರಿಯಿದೆ, ಯಾವ ದೂರೂ ಇಲ್ಲ ಎಂದು ಅಚ್ಚಾದ ಕಾಗದಕ್ಕೆ ಕೀಲಿಯ ಆಸೆಗೆ ಸಹಿ ಹಾಕಬೇಡಿ. ಹಾಕಲೇಬೇಕಾದರೆ ಉಳಿದ ದೋಷಗಳನ್ನು ಕೆಳಗೆ ಬರೆದು ಹಾಕಿ. ಮೊದಲ ಮಳೆಗಾಲ ಮುಗಿದ ಮೇಲೆ ಮನೆಯನ್ನು ಮತ್ತೊಮ್ಮೆ ಸುತ್ತಿ ನೋಡಿ, ಐದನೆಯ ವರ್ಷ ತುಂಬುವ ಮೊದಲು ಕೊನೆಯ ಸಲ ನೋಡಿ, ಕಂಡದ್ದನ್ನು ದಿನಾಂಕ ಹಾಕಿ ಬರೆದು ಕಳಿಸಿ. ಬಾಯಲ್ಲಿ ಹೇಳಿದ ದೋಷವನ್ನು ಕಾನೂನು ಕೇಳಿಸಿಕೊಳ್ಳುವುದಿಲ್ಲ, ಬರೆದದ್ದನ್ನು ಮಾತ್ರ ಕೇಳುತ್ತದೆ.